ಕುಪ್ಪಿ ಹೋಗುತ್ತಿತ್ತು, ತೋಳು ಮನೆಯಲ್ಲಿರುತ್ತಿತ್ತು

ನಮ್ಮ ಮನೆಯಲ್ಲಿ ಯಾವ ಹೆಂಗಸಿಗೆ ಕಾಯಿಲೆಯಾದರೂ ಡಾಕ್ಟರ ಹತ್ತಿರ ಹೋಗುತ್ತಿದ್ದದ್ದು ಕುಪ್ಪಿ. ಕಾಯಿಲೆಯವಳು ಮನೆಯಲ್ಲೇ ಇರುತ್ತಿದ್ದಳು. ತೊಳೆದು ಒಣಗಿಸಿದ ಗಾಜಿನ ಕುಪ್ಪಿಯನ್ನು ಚೀಲದಲ್ಲಿಟ್ಟುಕೊಂಡು ಇನ್ನೊಬ್ಬರು ಕೊಟ್ಟಾರದಲ್ಲಿ ಬಸ್ಸು ಹತ್ತಿ, ಪೇಟೆಯ ಹಂಪನಕಟ್ಟೆಯಲ್ಲಿ ಇಳಿದು, ಡಾಕ್ಟರ ಮುಂದೆ ಕುಳಿತು, "ಅವಳಿಗೆ ಹೀಗೆ ಹೀಗೆ ಆಗ್ತದಂತೆ" ಎಂದು ವರದಿ ಒಪ್ಪಿಸಿ, ಕೆಂಪು ಮಿಕ್ಸ್ಚರನ್ನೋ ಹಳದಿ ಮಿಕ್ಸ್ಚರನ್ನೋ ತುಂಬಿಸಿಕೊಂಡು ಬರಬೇಕು. ಕುಪ್ಪಿಯ ಬದಿಗೆ ಕಂಪೌಂಡರು ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಗಂಡಸರು ಹೇಗೂ ಪೇಟೆಗೆ ಹೋಗುವವರಾದ್ದರಿಂದ ಅವರ ನಾಲಿಗೆ, ನಾಡಿ, ಹೊಟ್ಟೆ ಎಲ್ಲವನ್ನೂ ಡಾಕ್ಟರು ಕಣ್ಣಾರೆ ನೋಡಿದ್ದರು. ಹೆಂಗಸರನ್ನು ಅವರು ಕುಪ್ಪಿಗಳ ಮೂಲಕ ಬಲ್ಲರು.

ವರದಿ ಒಪ್ಪಿಸುವ ಕೆಲಸ ನನ್ನದು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪು ಗೆದ್ದು ತರುತ್ತಿದ್ದೆ. "ಆಧಾರ ಎಂತ?" ಎಂದು ಕೇಳದೆ ಯಾವ ಮಾತನ್ನೂ ಒಪ್ಪುತ್ತಿರಲಿಲ್ಲ. ಅದಕ್ಕೆ ಮನೆಯಲ್ಲೂ ಡಾಕ್ಟರಲ್ಲೂ ನನಗೆ ಲಾಯರು ಎಂದೇ ಹೆಸರು. ಇಷ್ಟು ಚೆನ್ನಾಗಿ ಮಾತಾಡುವವಳು ಇರುವಾಗ ಕಾಯಿಲೆಯವಳು ಯಾಕೆ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಬೇಕು ಎಂದು ಅಮ್ಮನ ವಾದ. ಈ ಒಂದು ವಾದಕ್ಕೆ ನಾನು ಆಧಾರ ಕೇಳಿರಲಿಲ್ಲ. ಹೊಗಳಿಕೆಗೆ ಆಧಾರ ಯಾರು ಕೇಳುತ್ತಾರೆ?

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಗೋಡೆ ಕಂಡಲ್ಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋಣ ಬರೆಯುತ್ತಿದ್ದರು. ಆ ತ್ರಿಕೋಣ ನಮ್ಮ ಮನೆಯ ಒಳಗೆ ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಅಕ್ಕನ ಸಂಗತಿ ಹೇಳಬೇಕು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದ ಮೇಲೂ ನಮ್ಮ ಜೊತೆಗೇ ಇದ್ದಳು. ಅಳಿಯಕಟ್ಟಿನ ಮನೆ ನಮ್ಮದು, ಹೆಣ್ಣುಮಕ್ಕಳು ತಾಯಿಮನೆ ಬಿಡುವುದಿಲ್ಲ. ಭಾವ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರು. ಬೆಳಗ್ಗಿನಿಂದ ಸಂಜೆಯವರೆಗೆ ಮೂಡಬಿದ್ರೆ, ಕಾರ್ಕಳ ಎಂದು ಕೂಗಿ, ಜನರನ್ನು ತುಂಬಿಸಿ, ಬಸ್ಸಿನ ಬೆನ್ನಿಗೆ ತಟ್ಟಿ "ರೈಟ್ ಪೋಯಿ" ಎನ್ನುವುದು ಅವರ ಉದ್ಯೋಗ. ತುಳುವಿನಲ್ಲಿ ಪೋಯಿ ಎಂದರೆ ಹೋಗುವಾ. ಮನೆಯಲ್ಲೂ ಯಾವುದೇ ಮಾತುಕತೆ ಮುಗಿದರೆ ಅವರು ಹೇಳುವುದು ಅದನ್ನೇ. ಊಟ ಮುಗಿದರೆ ರೈಟ್ ಪೋಯಿ, ಜಗಳ ಮುಗಿದರೆ ರೈಟ್ ಪೋಯಿ.

ಅಕ್ಕನಿಗೆ ಮೂವರೂ ಗಂಡುಮಕ್ಕಳು. ಬೇರೆ ಕಡೆ ಇದು ಸಂಭ್ರಮದ ಸಂಗತಿಯಿರಬಹುದು. ನಮ್ಮಲ್ಲಿ ಮನೆತನ ಮುಂದುವರಿಯುವುದು ಹೆಣ್ಣಿನಿಂದ. ಆಸ್ತಿಯ ಕಾನೂನು ಬದಲಾಗಿ ವರ್ಷಗಳಾಗಿದ್ದರೂ ಅಮ್ಮನ ಮನಸ್ಸಿಗೆ ಆ ಕಾನೂನು ಇನ್ನೂ ತಲುಪಿರಲಿಲ್ಲ. "ಒಂದು ಹೆಣ್ಣು ಆಗ್ಲಿ, ಮತ್ತೆ ಸಾಕು" ಎಂದು ಅವಳು ಪ್ರತಿ ಸಂಕ್ರಾಂತಿಗೂ ದೈವದ ಮುಂದೆ ಹೇಳಿಕೊಳ್ಳುತ್ತಿದ್ದಳು.

ಆದರೆ ಮೂರನೆಯ ಹೆರಿಗೆಯಲ್ಲಿ ಅಕ್ಕ ಸಾಯುವುದರಲ್ಲಿದ್ದಳು. ಕೊನೆಯ ತಿಂಗಳಲ್ಲಿ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಹೆರಿಗೆಯ ದಿನ ಫಿಟ್ಸ್ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಹೊರಗೆ ಬಂದು ಭಾವನ ಹತ್ತಿರ, "ಪ್ರೆಶರ್ ತುಂಬಾ ಏರಿತ್ತು. ಇಬ್ಬರೂ ಉಳಿದದ್ದು ನಿಮ್ಮ ಪುಣ್ಯ. ಇನ್ನೊಂದು ಬೇಡ" ಎಂದರು. ಇದನ್ನು ಕೇಳಿದವರು ಭಾವ ಮತ್ತು ನಾನು. ಅಮ್ಮ ಆ ಹೊತ್ತಿಗೆ ಮಗುವಿನ ಮುಖ ನೋಡುತ್ತಿದ್ದಳು. ನಾವು ಅವಳಿಗೆ ಹೇಳಲಿಲ್ಲ.

ಭಾವನ ತಂಗಿ ಬೊಂಬಾಯಿಯಲ್ಲಿ ನರ್ಸ್. ರಜೆಗೆ ಬಂದವರು ಅಕ್ಕನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಚಿಕ್ಕ ಮಾತ್ರೆಗಳ ಹಾಳೆಯೊಂದನ್ನು ಕೈಗಿಟ್ಟರು. ನಾನೂ ಹಿಂದೆ ಹೋಗಿದ್ದೆ.

"ದಿನಾ ಒಂದು. ಮರೀಬಾರ್ದು. ಮಕ್ಕಳಾಗುದಿಲ್ಲ."

"ಆಧಾರ ಎಂತ?" ಎಂದೆ.

"ನೀನು ಸುಮ್ಮನಿರು ಮಾರಾಯ್ತಿ. ಇದು ದೇಹಕ್ಕೆ ಒಂದು ಸುಳ್ಳು ಹೇಳ್ತದೆ. ನೀನು ಈಗಾಗ್ಲೇ ಬಸುರಿ ಅಂತ. ದೇಹ ನಂಬ್ತದೆ. ಇರುವಾಗ ಇನ್ನೊಂದು ಯಾಕೆ ಅಂತ ಸುಮ್ಮನೆ ಕೂತ್ಕೊಳ್ತದೆ."

ದೇಹದೊಡನೆ ವಾದ ಮಾಡಿ ಗೆಲ್ಲುವ ಮಾತ್ರೆ. ನಾನು ಸಾವಿರ ದೇವರನ್ನು ನಂಬದವಳು ಆ ಬಟಾಣಿಗಿಂತ ಸಣ್ಣ ವಸ್ತುವನ್ನು ನಂಬಿಬಿಟ್ಟೆ. ಅಕ್ಕ ಅದನ್ನು ಅಕ್ಕಿಯ ಡಬ್ಬದ ತಳದಲ್ಲಿಟ್ಟಳು. ಮುಂದಿನ ಹಾಳೆಗಳು ಬೊಂಬಾಯಿಯ ಬಸ್ಸಿನಲ್ಲಿ ಬಂದು ಭಾವನ ಕೈ ಸೇರುತ್ತಿದ್ದವು.

ಅಕ್ಕ ಅರಳಿದಳು. ಆ ಮಾತು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದೆ ಬರುವುದನ್ನು ಓದಿ ಯಾರಾದರೂ ಮಾತ್ರೆಯನ್ನು ಬೈಯಲು ಕಾಯುತ್ತಿರಬಹುದು. ತಿಂಗಳು ತಿಂಗಳೂ ಮುಟ್ಟಿನ ದಿನ ಎಣಿಸಿ ಹೆದರುತ್ತಿದ್ದವಳು ಬಾವಿಕಟ್ಟೆಯಲ್ಲಿ ಹಾಡು ಗುನುಗತೊಡಗಿದ್ದಳು.

ಮಳೆಗಾಲ ಕಳೆದ ಮೇಲೆ ತಲೆನೋವು ಸುರುವಾಯಿತು. ಹಿಂದಲೆಯಲ್ಲಿ, ಬೆಳಗ್ಗೆ ಎದ್ದ ಕೂಡಲೇ. ಅಮ್ಮನಿಗೆ ಕಾರಣ ಗೊತ್ತಿತ್ತು: ಉಷ್ಣ. ನೆತ್ತಿಗೆ ಎಳ್ಳೆಣ್ಣೆ, ಕುಡಿಯಲು ಬೊಂಡದ ಎಳನೀರು. ಆಮೇಲೆ ಕಾರಣ ಬದಲಾಯಿತು: ದೃಷ್ಟಿ. ಉಪ್ಪು ಮೆಣಸು ಸುತ್ತಿ ಒಲೆಗೆ ಹಾಕಿದಳು.

"ನೋಡು, ಘಾಟೇ ಬರ್ಲಿಲ್ಲ. ದೃಷ್ಟಿ ಉಂಟು" ಎಂದಳು.

"ದೃಷ್ಟಿ ಇಲ್ಲದವಳ ಹೆಸರಲ್ಲಿ ಒಂದು ಹಿಡಿ ಮೆಣಸು ಹಾಕಿ ನೋಡು ಅಮ್ಮ. ಆಗ್ಲೂ ಘಾಟು ಬಾರದಿದ್ರೆ ಮೆಣಸೇ ಹಳತು ಅಂತ ಅರ್ಥ."

"ನಿನ್ನ ಹೆಸರಲ್ಲೇ ಹಾಕ್ತೇನೆ. ನಿನ್ನ ಬಾಯಿಗೆ ಯಾರ ದೃಷ್ಟಿ ತಾಗ್ತದೆ."

ಮೆಣಸಾದ ಮೇಲೆ ಕುಪ್ಪಿ. ನಾನು ಡಾಕ್ಟರಲ್ಲಿ ಹೋಗಿ ಅಕ್ಕನ ತಲೆನೋವನ್ನು ಎಷ್ಟು ಸೊಗಸಾಗಿ ವರ್ಣಿಸಿದೆನೆಂದರೆ ಪಕ್ಕದ ಬೆಂಚಿನವರೂ ಕಿವಿಗೊಟ್ಟರು. ಡಾಕ್ಟರು ಕೊಂಕಣಿ ಮನೆಮಾತಿನವರು, ವಯಸ್ಸಾದವರು, ಒಳ್ಳೆಯವರು. ಮೊದಲ ಸಲ ಪಿತ್ತ ಎಂದು ಹಳದಿ ಮಿಕ್ಸ್ಚರ್ ಕೊಟ್ಟರು. ಎರಡನೆಯ ಸಲ ರಕ್ತ ಕಡಿಮೆ ಎಂದು ಕಬ್ಬಿಣದ ರುಚಿಯ ಕೆಂಪು ಮದ್ದು. ಆಮೇಲೆ ಕಣ್ಣು ಪರೀಕ್ಷೆ ಮಾಡಿಸಿ ಎಂದರು. ಪ್ರತಿ ಸಲವೂ "ಬೇರೆ ಎಂತಾದ್ರೂ ಮದ್ದು ತೆಗೊಳ್ತಾರಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ನಾನು ಇಲ್ಲ ಎನ್ನುತ್ತಿದ್ದೆ. ಮುಚ್ಚಿಟ್ಟದ್ದಲ್ಲ. ಮದ್ದು ಎಂದರೆ ಕಾಯಿಲೆಗೆ ತೆಗೆದುಕೊಳ್ಳುವುದು. ಅಕ್ಕಿಯ ಡಬ್ಬದಲ್ಲಿದ್ದದ್ದು ಕಾಯಿಲೆಗಲ್ಲ, ಕಾಯಿಲೆ ಬಾರದಿರಲಿಕ್ಕೂ ಅಲ್ಲ. ಅದು ಮದ್ದು ಎಂದು ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಊರಿನ ಸಂಘವೊಂದು ಚರ್ಚಾಸ್ಪರ್ಧೆ ಇಟ್ಟಿತು. ವಿಷಯ: ಕುಟುಂಬ ಯೋಜನೆಯ ಕೀಲಿಕೈ ಹೆಂಗಸಿನ ಕೈಯಲ್ಲೇ ಇರಬೇಕು. ನಾನು ಪರ ವಹಿಸಿದೆ. ಅದಕ್ಕಾಗಿ ಹುಟ್ಟಿದವಳೇ ನಾನು ಅನ್ನಿಸಿತು. ಅಕ್ಕ ಅಡುಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಿರುವಾಗ ಎದುರು ನಿಂತು ಭಾಷಣ ಒಪ್ಪಿಸುತ್ತಿದ್ದೆ. ಅಮ್ಮ ದೇವಸ್ಥಾನಕ್ಕೆ ಹೋದ ಸಮಯ ನೋಡಿಕೊಂಡು.

"ಮಾನ್ಯ ಅಧ್ಯಕ್ಷರೇ, ಈ ಪುಟ್ಟ ಮಾತ್ರೆ ಹೆಣ್ಣಿನ ದೇಹದ ಕಿವಿಯಲ್ಲಿ ಒಂದು ಮಾತು ಹೇಳುತ್ತದೆ. ನೀನು ಈಗಾಗಲೇ ಬಸುರಿ ಎನ್ನುತ್ತದೆ. ದೇಹ ಆ ಮಾತನ್ನು ಪೂರ್ತಿಯಾಗಿ ನಂಬುತ್ತದೆ."

ಇದು ನನ್ನ ಅತ್ಯುತ್ತಮ ವಾಕ್ಯ. ಇಲ್ಲಿ ಒಂದು ಕ್ಷಣ ನಿಲ್ಲಿಸಿ ಸಭೆಯನ್ನು ನೋಡಬೇಕೆಂದು ಲೆಕ್ಕ ಹಾಕಿದ್ದೆ. ನಿಲ್ಲಿಸಿ ಅಕ್ಕನನ್ನು ನೋಡಿದೆ. ಅವಳು ಬೀಜದಿಂದ ತಲೆ ಎತ್ತಲಿಲ್ಲ.

"ಪೂರ್ತಿ ನಂಬ್ತದೆ ಅಂತ ಕಾಣ್ತದೆ ಮಾರಾಯ್ತಿ" ಎಂದಳು. "ನನ್ನ ಕಾಲೂ ಬಾಯ್ತಾ ಉಂಟು, ಚಿಕ್ಕವನು ಹೊಟ್ಟೆಯಲ್ಲಿದ್ದಾಗಿನ ಹಾಗೆ. ಸಂಜೆಗೆ ಚಪ್ಪಲಿ ಹಿಡಿಯುದಿಲ್ಲ."

ಅವಳು ತಮಾಷೆಗೆ ಹೇಳಿದ್ದು. ನಾನು ಎರಡನೆಯ ಅಂಶಕ್ಕೆ ಹೋಗಲು ಬಾಯಿ ತೆರೆದೆ. ಭಾಷಣವನ್ನು ಅಲ್ಲಿಗೇ ಬಿಟ್ಟೆ. ಚರ್ಚೆಯಲ್ಲಿ ಎದುರಾಳಿಯ ಒಂದು ಮಾತಿನಿಂದ ಅವನ ಇಡೀ ಕಟ್ಟಡ ಕಾಣಿಸಿಬಿಡುವ ಗಳಿಗೆ ಇರುತ್ತದಲ್ಲ, ಅಂಥದು. ದೇಹ ತಾನು ಬಸುರಿ ಎಂದು ನಂಬಿದೆ. ಈ ದೇಹ ಬಸುರಿಯಾಗಿದ್ದಾಗ ಇದರ ಪ್ರೆಶರ್ ಏರಿತ್ತು. ಹಾಗಾದರೆ?

ನಾನು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವಳ ಪಾದ ಒತ್ತಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಎಂತ ಮಾಡ್ತಿ ನೀನು? ಕಾಲಿಗೆ ಬೀಳ್ಲಿಕ್ಕೆ ಇವತ್ತು ಎಂತ ವಿಶೇಷ?"

"ಅಕ್ಕ, ನಾಳೆ ಕುಪ್ಪಿ ಬೇಡ. ನೀನೇ ಬರ್ಬೇಕು."

ಭಾವನಿಗೆ ಸ್ಟ್ಯಾಂಡಿನಲ್ಲಿ ಹೋಗಿ ಹೇಳಿದೆ. ಅವರು ಕಾರ್ಕಳದ ಬಸ್ಸಿಗೆ ಕೂಗುತ್ತ ಕೂಗುತ್ತಲೇ ಕೇಳಿಸಿಕೊಂಡರು. ಫಿಟ್ಸ್ ಎಂಬ ಶಬ್ದ ಬಂದಾಗ ಕೂಗು ನಿಂತಿತು. ಬಸ್ಸು ಅವರ ರೈಟ್ ಪೋಯಿಗೆ ಕಾದುಕೊಂಡು ನಿಂತೇ ಇತ್ತು.

ಮರುದಿನ ಅಕ್ಕ ಹೊರಟಳು, ಜೊತೆಗೆ ನಾನೂ ಭಾವನೂ. ಪೇಟೆಗೆ ಹೋಗುವುದೆಂದರೆ ಹೋಗುವುದೇ, ಡಾಕ್ಟರಲ್ಲಿಗಾದರೇನು, ಮದುವೆಗಾದರೇನು. ಅವಳು ರೇಷ್ಮೆಯ ರವಿಕೆ ಹಾಕಿದ್ದಳು. ಅದರ ತೋಳು ಮೊಣಕೈವರೆಗೆ ಬಿಗಿ. ಎಷ್ಟು ಬಿಗಿಯೋ ಅಷ್ಟು ಹೊಲಿಗೆಯವನ ಹೆಸರು ದೊಡ್ಡದು. ಅದರ ಮೇಲೆ ಮಲ್ಲಿಗೆ ಬೇರೆ. ಡಾಕ್ಟರು ನಮ್ಮನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

"ಎಂತ ಲಾಯರಮ್ಮ, ಕುಪ್ಪಿ ಎಲ್ಲಿ?"

"ಕುಪ್ಪಿ ತರ್ಲಿಲ್ಲ ಡಾಕ್ಟ್ರೇ. ತೋಳು ತಂದಿದ್ದೇನೆ. ಪ್ರೆಶರ್ ನೋಡ್ಬೇಕು."

ಅವರು ನಕ್ಕರು. "ಇವರಿಗಾ? ಪ್ರೆಶರ್ ನನ್ನಂಥವರ ಕಾಯಿಲೆ. ತಲೆ ಬೋಳಾಗ್ಬೇಕು, ಹೊಟ್ಟೆ ಬರ್ಬೇಕು, ಮಗಳ ಮದುವೆ ಗೊತ್ತಾಗ್ಬೇಕು. ಇಷ್ಟು ವರ್ಷದಲ್ಲಿ ಪ್ರಾಯದ ಹೆಂಗಸರಲ್ಲಿ ನಾನು ಕಂಡದ್ದಿಲ್ಲ."

ನಾನು ಇದಕ್ಕೇ ಕಾಯುತ್ತಿದ್ದೆ. "ಎಷ್ಟು ಪ್ರಾಯದ ಹೆಂಗಸರ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದೀರಿ ಡಾಕ್ಟ್ರೇ?"

ಬೆಂಚಿನಲ್ಲಿ ಕುಳಿತಿದ್ದವರು ನಮ್ಮ ಕಡೆ ತಿರುಗಿದರು. ಡಾಕ್ಟರು ಪ್ರಾಮಾಣಿಕರು. ಸ್ವಲ್ಪ ಯೋಚಿಸಿದರು.

"ಬಸುರಿಯರನ್ನು ಬಿಟ್ರೆ, ನೆನಪಿಲ್ಲ."

"ಹಾಗಾದ್ರೆ ಇಲ್ಲ ಅಂತ ಹೇಗೆ ಹೇಳ್ತೀರಿ?"

"ನೀವು ಕುಪ್ಪಿ ಕಳಿಸಿದ್ರೆ ನಾನು ಕುಪ್ಪಿಗೆ ಪಟ್ಟಿ ಕಟ್ಟುದಾ ಮಾರಾಯ್ತಿ?"

ಭಾವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆ ಸುತ್ತು ಡಾಕ್ಟರದ್ದು. ನನಗೂ ಅದು ಹಿಡಿಸಿತು. ಅಂಥ ಒಳ್ಳೆಯ ಏಟನ್ನು ಕಾಲೇಜಿನಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಅವರು ಪ್ರೆಶರ್ ನೋಡುವ ಪಾದರಸದ ಪೆಟ್ಟಿಗೆ ತೆಗೆದು ಮೇಜಿನ ಮೇಲೆ ನಿಲ್ಲಿಸಿದರು.

ರವಿಕೆಯ ತೋಳು ಮೇಲೆ ಹೋಗಲಿಲ್ಲ. ಎಳೆದರು, ಮಡಚಿದರು, ಕಂಪೌಂಡರು ಬಂದು ನೋಡಿ ಹೋದರು. ಅದು ಮೊಣಕೈಯಿಂದ ಎರಡು ಬೆರಳು ಸರಿದು ಅಲ್ಲೇ ಹಟ ಹಿಡಿಯಿತು. "ರೇಷ್ಮೆಯ ಮೇಲೇ ಕಟ್ಟುವ" ಎಂದರು ಡಾಕ್ಟರು. "ಆಮೇಲೆ ಬಟ್ಟೆಯಿಂದ ತಪ್ಪು ಬಂತು ಅಂತ ನೀವೇ ಹೇಳ್ಬಾರ್ದು" ಎಂದು ನಾನು ಮೇಜಿನ ಮೇಲಿದ್ದ ಬ್ಯಾಂಡೇಜಿನ ಕತ್ತರಿ ಎತ್ತಿಕೊಂಡೆ.

"ಬೇಡ, ದೇವರೇ, ಇದು ನನ್ನ ಮದುವೆಯ ರವಿಕೆ" ಎಂದಳು ಅಕ್ಕ.

"ಹೊಲಿಗೆ ಮಾತ್ರ ಬಿಡಿಸ್ತೇನೆ. ಬಟ್ಟೆಗೆ ತಾಗಿಸುದಿಲ್ಲ."

"ಅವಳು ಸುಮ್ಮನೆ ಬಿಡುವವಳಲ್ಲ, ಕೈ ಕೊಡು" ಎಂದರು ಭಾವ.

ಹೊಲಿಗೆ ಬಿಚ್ಚಿಕೊಂಡಿತು. ಪಟ್ಟಿ ಕಟ್ಟಿದರು. ರಬ್ಬರಿನ ಚೆಂಡು ಒತ್ತಿದರು. ಪಾದರಸ ಗಾಜಿನಲ್ಲಿ ಏರಿತು, ಇಳಿಯತೊಡಗಿತು. ಡಾಕ್ಟರ ನಗು ಅದಕ್ಕಿಂತ ಬೇಗ ಇಳಿಯಿತು. ಮತ್ತೊಮ್ಮೆ ಗಾಳಿ ತುಂಬಿಸಿ ನೋಡಿದರು.

"ಪೆಟ್ಟಿಗೆ ಹಾಳಾಗಿರ್ಬಹುದು" ಎಂದು ನನ್ನ ತೋಳು ಚಾಚಿದೆ. ನನ್ನದು ಹತ್ತಿಯ ಸಡಿಲ ತೋಳು. ನೋಡಿದರು, ಸರಿಯಾಗಿತ್ತು. ಹಾಗಾದರೆ ಅಕ್ಕನ ಇನ್ನೊಂದು ತೋಳು. ಅದರ ಹೊಲಿಗೆಯೂ ಹೋಯಿತು. ಅಲ್ಲಿಯೂ ಪಾದರಸ ಅದೇ ಎತ್ತರದಲ್ಲಿ ಮಿಡಿಯಿತು.

"ನನ್ನ ಪ್ರಾಯದವನಿಗೆ ಇಷ್ಟು ಇದ್ರೂ ಹೆದರ್ಬೇಕು" ಎಂದರು ಡಾಕ್ಟರು ಮೆಲ್ಲಗೆ. "ಬೇರೆ ಎಂತಾದ್ರೂ ಮದ್ದು ತೆಗೊಳ್ತೀರಾ ತಾಯಿ?"

ಅದೇ ಪ್ರಶ್ನೆ. ಈ ಸಲ ಕೇಳಿದ್ದು ಅಕ್ಕನನ್ನು. ಭಾವ ಫ್ಯಾನು ನೋಡತೊಡಗಿದರು. ಎರಡೂ ತೋಳು ಬಿಚ್ಚಿಕೊಂಡು ಕುಳಿತಿದ್ದ ಅಕ್ಕ ಸೆರಗು ಎಳೆದುಕೊಂಡು, "ಮಕ್ಕಳಾಗದ ಮಾತ್ರೆ" ಎಂದಳು.

ನಾನು ನನ್ನ ತರ್ಕವನ್ನು ಡಾಕ್ಟರ ಮುಂದೆ ಹರಡಿದೆ. ಬಸುರು, ಪ್ರೆಶರ್, ಫಿಟ್ಸ್, ಮಾತ್ರೆ ಹೇಳುವ ಸುಳ್ಳು, ಬಾತ ಕಾಲು. ಉಸಿರು ಕಟ್ಟುವಷ್ಟು ವೇಗವಾಗಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಇದನ್ನು ನಾನು ಎಲ್ಲೂ ಓದಿಲ್ಲ."

"ಓದಿಲ್ಲ ಅಂದ್ರೆ ಇಲ್ಲ ಅಂತ ಆಗುದಿಲ್ಲ ಡಾಕ್ಟ್ರೇ."

"ಉಂಟು ಅಂತಲೂ ಆಗುದಿಲ್ಲ. ಹೆರಿಗೆಯಲ್ಲಿ ಏರಿದ್ದು ಇಳಿಯದೆ ಉಳಿದಿರ್ಬಹುದು. ಮೂತ್ರಪಿಂಡದ ತೊಂದರೆ ಇರ್ಬಹುದು. ಸುಮ್ಮನೆಯೂ ಬರ್ಬಹುದು." ಅವರು ನನ್ನನ್ನು ನೋಡಿದರು. "ಆದ್ರೆ ತಲೆನೋವು ಮಾತ್ರೆಯ ನಂತರ ಸುರುವಾದದ್ದು ಹೌದು. ನಿಲ್ಲಿಸಿ ನೋಡುವ. ಉಪ್ಪೂ ಬಿಡ್ಲಿ. ಮನೆಯಲ್ಲಿ ಎಂತ ಊಟ?"

ಕಾಯಿಲೆಯವಳಿಗೆ ಅಮ್ಮ ಕೊಡುತ್ತಿದ್ದದ್ದು ಗಂಜಿ. ಗಂಜಿಗೆ ಉಪ್ಪಿನಕಾಯಿ ಮತ್ತು ಸುಟ್ಟ ಒಣ ಮೀನು. ತಲೆನೋವು ಹೆಚ್ಚಾದ ದಿನ ಮೀನೂ ಹೆಚ್ಚು. ಡಾಕ್ಟರು ತಲೆಗೆ ಕೈ ಹಚ್ಚಿಕೊಂಡರು.

"ಎರಡನ್ನೂ ಒಟ್ಟಿಗೆ ನಿಲ್ಲಿಸಿದ್ರೆ ಇಳಿದದ್ದು ಯಾವುದರಿಂದ ಅಂತ ಹೇಗೆ ಗೊತ್ತಾಗುದು?" ಎಂದೆ.

"ನನಗೆ ಇಳಿದ್ರೆ ಸಾಕು ಮಾರಾಯ್ತಿ. ಯಾವುದರಿಂದ ಅಂತ ಆಮೇಲೆ ಕೂತು ಗಲಾಟೆ ಮಾಡುವ. ವಾರಕ್ಕೊಮ್ಮೆ ತೋಳು ಬರ್ಬೇಕು. ಇಳಿಯದಿದ್ರೆ ಪ್ರೆಶರಿನ ಮದ್ದು ಕೊಡ್ತೇನೆ, ಆಗ ನಿನ್ನ ವಾದ ಕೇಳುದಿಲ್ಲ."

ನನಗೆ ಹಾರಿ ಹೋಗುವಷ್ಟು ಉತ್ಸಾಹ. ಬಸ್ಸು ಇಳಿದು ಗದ್ದೆಯ ಬದುವಿನ ಮೇಲೆ ಮನೆಗೆ ನಡೆಯುವಾಗಲೂ ನಾನೇ ಮಾತಾಡುತ್ತಿದ್ದೆ. ಭಾವ ಸ್ಟ್ಯಾಂಡಿನಲ್ಲೇ ಉಳಿದಿದ್ದರು. ಅಕ್ಕ ಬಿಚ್ಚಿದ ತೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ನಡೆಯುತ್ತಿದ್ದವಳು ನಿಂತಳು.

"ನಾನು ನಿಲ್ಲಿಸುದಿಲ್ಲ."

"ಎಂತ?"

"ಮಾತ್ರೆ ನಿಲ್ಲಿಸುದಿಲ್ಲ ಅಂದೆ. ತಲೆನೋವು ನನಗೆ ಗೊತ್ತುಂಟು. ಬರ್ತದೆ, ಹೋಗ್ತದೆ. ಆ ಹೆರಿಗೆ ನಿನಗೆ ಗೊತ್ತಿಲ್ಲ. ನೀನು ಬಾಗಿಲ ಹೊರಗೆ ಕೂತಿದ್ದಿ. ಇನ್ನೊಮ್ಮೆ ಆದ್ರೆ ನಾನು ಉಳಿಯುದಿಲ್ಲ. ಮೂರು ಮಕ್ಕಳನ್ನು ಯಾರ ಕೈಗೆ ಕೊಡ್ಲಿ, ನಿನ್ನ ಕಪ್ಪಿನೊಳಗೆ ಇಡ್ಲಾ?"

ಅಕ್ಕ ಹೇಳುತ್ತಿದ್ದದ್ದು ಸರಿ. ಡಾಕ್ಟರು ಹೇಳಿದ್ದೂ ಸರಿ. ಮಾತ್ರೆ ತಿಂದರೆ ಪ್ರೆಶರ್, ಬಿಟ್ಟರೆ ಬಸುರು, ಬಸುರಾದರೆ ಮತ್ತೆ ಪ್ರೆಶರ್.

"ಎರಡೂ ದಾರಿಯಲ್ಲಿ ಅದೇ ಪಾದರಸ ಅಕ್ಕ" ಎಂದೆ ಕೊನೆಗೆ. "ಹೆರಿಗೆಯಲ್ಲಿ ನಿನ್ನನ್ನು ಕೊಲ್ಲಲು ಬಂದದ್ದು ಈಗ ದಿನಾ ಸ್ವಲ್ಪ ಸ್ವಲ್ಪ ಬರ್ತಾ ಉಂಟು. ಅದನ್ನು ಡಬ್ಬದಲ್ಲಿಟ್ಟು ತಿಂತಾ ಇದ್ದಿ. ಬೇರೆ ದಾರಿ ಹುಡುಕುವ. ನಾನು ಹುಡುಕ್ತೇನೆ."

"ಲೂಪ್ ಬೇಡ. ಕೆಳಗಿನ ಮನೆಯವಳು ಅದನ್ನು ಗರ್ಭದೊಳಗೆ ಹಾಕಿಸಿ ರಕ್ತ ನಿಲ್ಲದೆ ಮಲಗಿದ್ದು ಕಂಡಿದ್ದೇನೆ."

"ಒಬ್ಬಳಿಗೆ ಆದದ್ದು ಎಲ್ಲರಿಗೂ ಆಗ್ತದೆ ಅಂತ ಇಲ್ಲ."

"ನನಗೆ ಆಗುದಿಲ್ಲ ಅಂತ ನೀನು ಬರೆದು ಕೊಡ್ತೀಯಾ?"

ಕೊಡಲಾರೆ. ಅವಳು ಮುಂದೆ ನಡೆದಳು. ಮನೆಯ ಮೆಟ್ಟಿಲಲ್ಲಿ ಮಾತ್ರ ತಿರುಗಿ, "ಒಂದು ತಿಂಗಳು ನಿಲ್ಲಿಸ್ತೇನೆ. ಆ ತಿಂಗಳು ನಿನ್ನ ಭಾವ ಎಲ್ಲಿ ಮಲಗುದು ಅಂತ ನೀನೇ ತೀರ್ಮಾನ ಮಾಡು" ಎಂದಳು.

ಭಾವ ಆ ತೀರ್ಮಾನಕ್ಕೆ ನನ್ನನ್ನು ಕಾಯಲಿಲ್ಲ. ಅದೇ ಸಂಜೆ ಚಾಪೆ ಸುತ್ತಿಕೊಂಡು, "ಸ್ಟ್ಯಾಂಡಿನಲ್ಲಿ ಬೆಳಗ್ಗಿನ ಬಸ್ಸು ಹೊರಡಿಸ್ಲಿಕ್ಕೆ ಜನ ಇಲ್ಲ, ಸ್ವಲ್ಪ ಸಮಯ ಅಲ್ಲೇ ಇರ್ತೇನೆ ಅತ್ತೆ" ಎಂದು ಅಮ್ಮನಿಗೆ ಹೇಳಿ ಏಜೆಂಟರ ಕೋಣೆಗೆ ಹೋದರು. ದಿನಾ ಮಧ್ಯಾಹ್ನ ಊಟಕ್ಕೆ ಬಂದು ಮಕ್ಕಳನ್ನು ಆಡಿಸಿ ಹೋಗುತ್ತಿದ್ದರು. ಅಮ್ಮ ಇದನ್ನು ಜಗಳ ಎಂದು ತಿಳಿದಳು. ಮಗಳು ಎರಡೂ ತೋಳು ಹರಿದ ರವಿಕೆಯಲ್ಲಿ ಪೇಟೆಯಿಂದ ಬಂದದ್ದನ್ನು ಅವಳು ಕಂಡಿದ್ದಳು. ಅದರಿಂದ ಅವಳು ಕಟ್ಟಿದ ಕಥೆ ಏನಿರಬಹುದೆಂದು ನಾನು ಊಹಿಸಬೇಕಾಗಿರಲಿಲ್ಲ. ಭಾವನ ತಟ್ಟೆಗೆ ಬಡಿಸುವ ಸೌಟಿನ ಶಬ್ದದಲ್ಲೇ ಕೇಳುತ್ತಿತ್ತು. ದೈವಕ್ಕೆ ಹರಕೆಯನ್ನೂ ಹೇಳಿಕೊಂಡಳು. ಸಂಸಾರ ಒಂದಾದರೆ ತಂಬಿಲದ ಪೂಜೆ ಕೊಡುತ್ತೇನೆ ಎಂದು.

ಅಕ್ಕ ತಡೆಯಲಾರದೆ ಒಂದು ದಿನ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಡಾಕ್ಟರಮ್ಮ ಹೇಳಿದ್ದು, ಮಾತ್ರೆ, ಅಕ್ಕಿಯ ಡಬ್ಬ, ಪಾದರಸ. ನಾನು ಬಾಗಿಲಲ್ಲಿ ನಿಂತು ವಾದಕ್ಕೆ ಸಿದ್ಧಳಾಗಿದ್ದೆ. ಅಮ್ಮ ಅಕ್ಕನ ಕಾಲು ಮುಟ್ಟಿ ನೋಡಿದಳು.

"ಮೊದಲೇ ಹೇಳಿದ್ರೆ ನಾನು ಆ ಒಣ ಮೀನು ಕೊಡ್ತಿರ್ಲಿಲ್ಲ ಮಗಾ" ಎಂದಳು.

ವಾರಕ್ಕೊಮ್ಮೆ ತೋಳು ಹಂಪನಕಟ್ಟೆಗೆ ಹೋಯಿತು. ಮೊದಲ ವಾರ ಪಾದರಸ ಕದಲಲಿಲ್ಲ. ಡಾಕ್ಟರು ನನ್ನತ್ತ ಹುಬ್ಬು ಏರಿಸಿದರು. ಎರಡನೆಯ ವಾರ ಸ್ವಲ್ಪ ಕೆಳಗೆ. "ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಅದರಿಂದಲೂ ಇರ್ಬಹುದು" ಎಂದು ನಾನೇ ಹೇಳಿದೆ. ಆಮೇಲಿನ ವಾರ ಇನ್ನೂ ಕೆಳಗೆ. ಅಕ್ಕನ ಕಾಲಿನ ಗುಳಿ ಹೋಯಿತು. ಒಂದು ಬೆಳಗ್ಗೆ ಅವಳು ಎದ್ದು ಹಿಂದಲೆ ಮುಟ್ಟಿ ನೋಡಿಕೊಂಡು, ಏನೋ ಕಳೆದುಕೊಂಡವಳ ಹಾಗೆ ಸುತ್ತ ನೋಡಿದಳು. ತಲೆನೋವು ಬಂದಿರಲಿಲ್ಲ. ತಿಂಗಳು ಕಳೆದು ಮುಂದಿನ ತಿಂಗಳಿಗೆ ಬಿದ್ದಾಗ ಅವಳ ಪಾದರಸ ನನ್ನದಕ್ಕೆ ಹತ್ತಿರ ಹತ್ತಿರ ನಿಂತಿತು. ಡಾಕ್ಟರು ಎರಡು ಸಲ ನೋಡಿ, ಎದ್ದು, ಕಂಪೌಂಡರನ್ನೂ ಕರೆದು ತೋರಿಸಿದರು.

ನಾನು ಕುಣಿಯುವುದೊಂದು ಬಾಕಿ. ಆದರೆ ನಿಜವಾದ ಸಂಶಯವಾದಿ ಅಲ್ಲಿ ನಿಲ್ಲುವುದಿಲ್ಲ.

"ಇನ್ನು ಒಂದೇ ಕೆಲಸ ಉಂಟು" ಎಂದೆ. "ಉಪ್ಪು ಬಿಟ್ಟೇ ಇರ್ಲಿ, ಮಾತ್ರೆ ಮಾತ್ರ ಮತ್ತೆ ಸುರು ಮಾಡಿದ್ರೆ, ಪುನಃ ಏರಿದ್ರೆ, ಆಗ ಪೂರ್ತಿ ಸಾಬೀತು."

ಅಕ್ಕ ನನ್ನನ್ನು ನೋಡಿದಳು. "ನೀನು ತಿನ್ನು."

"ನನಗೆ ಏರದಿದ್ರೆ ಎಂತದೂ ಸಾಬೀತಾಗುದಿಲ್ಲ ಅಕ್ಕ."

"ಆಗದಿರ್ಲಿ. ಸಾಬೀತಾಗದೆಯೂ ನಾನು ಬದುಕ್ತೇನೆ."

ಡಾಕ್ಟರು ಜೋರಾಗಿ ನಕ್ಕರು. "ಒಬ್ಬರ ತೋಳಿನಿಂದ ಲೋಕಕ್ಕೆ ಬುದ್ಧಿ ಹೇಳ್ಲಿಕ್ಕೆ ಆಗುದಿಲ್ಲ ಲಾಯರಮ್ಮ. ಆದ್ರೆ ಇನ್ನು ಯಾವ ಹೆಂಗಸು ಈ ಮಾತ್ರೆ ತಿಂತೇನೆ ಅಂದ್ರೂ ನಾನು ಮೊದಲು ಪಟ್ಟಿ ಕಟ್ತೇನೆ. ಅಷ್ಟು ಸಾಕಾ?"

ಅಷ್ಟು ಸಾಕಿರಲಿಲ್ಲ. ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು: ಭಾವ ಚಾಪೆ ಎಲ್ಲಿ ಹಾಸುವುದು? ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಶಸ್ತ್ರಕ್ರಿಯೆಯ ಬಗ್ಗೆ ಊರಿಗೆಲ್ಲ ಹೆದರಿಕೆ. ಶಕ್ತಿ ಹೋಗುತ್ತದೆ, ಸ್ವರ ಹೋಗುತ್ತದೆ, ಸೊಂಟ ಬೀಳುತ್ತದೆ ಎನ್ನುತ್ತಿದ್ದರು. ಸ್ವರವೇ ಅನ್ನವಾದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ನಾನು ಪಕ್ಕಾ ತಯಾರಿ ಮಾಡಿದೆ. ಅವರು ಸ್ವರ ಎಂದರೆ ಇದು, ಶಕ್ತಿ ಎಂದರೆ ಇದು, ಜನ ಎಂದರೆ ಇದು ಎಂದು ಒಂದೊಂದಕ್ಕೂ ಮರುಮಾತು ಜೋಡಿಸಿಕೊಂಡು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಎದುರು ಕುಳಿತೆ.

"ಭಾವ, ಕೀಲಿಕೈ ಹೆಂಗಸಿನ ಕೈಯಲ್ಲಿರ್ಬೇಕು ಅಂತ ನಾನು ವಾದ ಮಾಡುವವಳು, ನಿಜ. ಆದ್ರೆ ಬೀಗ..."

"ಸೋಮವಾರ ಹೋಗ್ತೇನೆ" ಎಂದರು ಭಾವ, ಸಾರು ಕಲಸುತ್ತ.

"ಎಲ್ಲಿಗೆ?"

"ದೊಡ್ಡ ಆಸ್ಪತ್ರೆಗೆ. ಆ ಪಾದರಸ ಇಳಿಯದೆ ನಿಂತದ್ದನ್ನು ನಾನೂ ಕಂಡಿದ್ದೇನಲ್ಲ. ಡಾಕ್ಟ್ರ ಹತ್ರ ಕೇಳಿ ಆಗಿದೆ. ಒಂದೆರಡು ದಿನ ಕೂಗ್ಬಾರ್ದಂತೆ, ಭಾರ ಎತ್ತಬಾರ್ದಂತೆ. ಆಮೇಲೂ ಸ್ವಲ್ಪ ಸಮಯ ಜಾಗ್ರತೆ ಬೇಕಂತೆ, ಕೂಡಲೇ ಫಲ ಸಿಗುದಿಲ್ಲಂತೆ. ಅಲ್ಲಿವರೆಗೆ ಚಾಪೆ ಸ್ಟ್ಯಾಂಡಿನಲ್ಲೇ ಇರ್ಲಿ."

"ನಿಮಗೆ ಸ್ವರ ಹೋಗ್ತದೆ ಅಂತ ಹೆದರಿಕೆ ಇಲ್ವಾ?"

"ಉಂಟು. ಹೋದ್ರೆ ಸೀಟಿ ಊದ್ತೇನೆ. ರೈಟ್ ಪೋಯಿ." ಕೈ ತೊಳೆಯಲು ಎದ್ದರು.

ನನ್ನ ಒಂದು ಮರುಮಾತಿಗೂ ಜಾಗ ಸಿಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬ ನೀರಿತ್ತು, ಬಾಯಿ ನಗುತ್ತಿತ್ತು. ಅಮ್ಮ ಭಾವನ ತಟ್ಟೆ ಎತ್ತಿಕೊಂಡಳು. ಅಳಿಯನ ತಟ್ಟೆಯನ್ನು ಅವಳು ಎತ್ತಿದ್ದು ನಾನು ಮೊದಲ ಸಲ ಕಂಡದ್ದು. ಹೋಗುವಾಗ ನನ್ನ ಹತ್ತಿರ ನಿಂತು ಮೇಲಿನಿಂದ ಕೆಳಗೆ ನೋಡಿ, "ಇನ್ನು ಮನೆಗೆ ಹೆಣ್ಣು ಬೇಕಾದ್ರೆ ನೀನೇ" ಎಂದಳು. "ಬಂದ ಗಂಡುಗಳನ್ನೆಲ್ಲ ಆಧಾರ ಕೇಳಿ ಓಡಿಸ್ಬೇಡ."

ಭಾವನ ಸ್ವರ ಹೋಗಲಿಲ್ಲ. ಈಗಲೂ ಕಾರ್ಕಳದ ಬಸ್ಸು ಹೊರಟರೆ ಹಂಪನಕಟ್ಟೆಗೆ ಗೊತ್ತಾಗುತ್ತದೆ.

ಚರ್ಚಾಸ್ಪರ್ಧೆಯ ದಿನ ನಾನು ಮಾತ್ರೆಯ ಪರವಾಗಿಯೇ ಮಾತಾಡಿದೆ. ನನ್ನ ಅತ್ಯುತ್ತಮ ವಾಕ್ಯವನ್ನು ಹೇಳಿ, ನಿಲ್ಲಿಸಿ, ಸಭೆಯನ್ನು ನೋಡಿ, ಮುಂದುವರಿಸಿದೆ: ಆದ್ದರಿಂದ ಈ ಮಾತ್ರೆ ಕೊಡುವವರು ಮೊದಲು ಅವಳ ತೋಳು ನೋಡಬೇಕು, ಆಮೇಲೂ ನೋಡುತ್ತಿರಬೇಕು, ಬಸುರಿನಲ್ಲಿ ಪ್ರೆಶರ್ ಏರಿದವಳಾದರೆ ಕೊಡುವ ಮೊದಲು ಹತ್ತು ಸಲ ಯೋಚಿಸಬೇಕು, ಕೀಲಿಕೈ ಭಾರವಾದರೆ ಗಂಡನೂ ಕೈ ಚಾಚಬೇಕು. ಕಪ್ಪು ಬೇರೆಯವರಿಗೆ ಹೋಯಿತು. ತೀರ್ಪುಗಾರರೊಬ್ಬರು, "ಈ ಹುಡುಗಿ ಎರಡೂ ಪಕ್ಷದ ವಾದ ಮಾಡಿದ್ದಾಳೆ" ಎಂದರು. ಹೌದು. ಎರಡೂ ಪಕ್ಷದಲ್ಲಿ ಸತ್ಯವಿದ್ದರೆ ನಾನೇನು ಮಾಡಲಿ?

ಕೆಳಗಿನ ಮನೆಯವಳು ಲೂಪ್ ತೆಗೆಸಿ ಆಮೇಲೆ ಅದೇ ಮಾತ್ರೆ ಸುರು ಮಾಡಿದಳು, ಮೊದಲು ತೋಳು ತೋರಿಸಿ. ಆಗಾಗ ಹೋಗಿ ತೋರಿಸುತ್ತಲೇ ಇದ್ದಾಳೆ. ಅವಳಿಗೆ ತಲೆನೋವಿಲ್ಲ, ಕಾಲು ಬಾಯುವುದಿಲ್ಲ, ಪ್ರೆಶರ್ ಸರಿಯಾಗಿದೆ. ಇದನ್ನೂ ನಾನು ಬರೆಯಬೇಕು. ನನ್ನ ತರ್ಕಕ್ಕೆ ಅನುಕೂಲವಲ್ಲ ಎಂದು ಬಿಡಲಾಗದು.

ಮೊನ್ನೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಡಾಕ್ಟರಲ್ಲಿಗೆ ಹೋದಳು. ಅವಳ ರವಿಕೆಗಳ ತೋಳೆಲ್ಲ ಈಗ ಸಡಿಲ, ಹೊಲಿಗೆಯವನಿಗೆ ಅವಮಾನವಾಗಿದೆಯಂತೆ. ನನಗೆ ಜ್ವರ ಇದ್ದುದರಿಂದ ಜೊತೆಗೆ ಹೋಗಲಿಲ್ಲ. ಜಗಲಿಯಲ್ಲಿ ಕುಳಿತು ಕಾದೆ. ಮಾತ್ರೆಯಿಲ್ಲ, ಉಪ್ಪು ಮೆಲ್ಲಗೆ ಮತ್ತೆ ಊಟಕ್ಕೆ ಬಂದಿದೆ, ಈಗ ಏರಿದರೆ ಡಾಕ್ಟರು ಹೇಳಿದ ಬೇರೆ ಕಾರಣಗಳು, ಏರದಿದ್ದರೆ ನನ್ನ ಕಾರಣ. ಅಕ್ಕ ಬದುವಿನ ಮೇಲೆ ನಿಧಾನವಾಗಿ ಬಂದಳು. ಚಪ್ಪಲಿ ಕಳಚಿದಳು. ಒಳಗೆ ಹೋಗಿ ಚೆಂಬಿನಿಂದ ನೀರು ಕುಡಿದಳು.

"ಎಷ್ಟು ಉಂಟು ಅಕ್ಕ?"

"ಜ್ವರದವಳು ಮಲಗು."

"ಎಷ್ಟು ಅಂತ ಹೇಳು."

ಅವಳು ಮಲ್ಲಿಗೆ ತೆಗೆದು ದೇವರ ಮುಂದಿಟ್ಟಳು. ಸೆರಗು ಬಿಗಿದು ಅಡುಗೆಮನೆಗೆ ನಡೆಯುತ್ತ ಹಾಡು ಗುನುಗತೊಡಗಿದಳು.

"ಅಕ್ಕ, ಹಾಡು ಆಧಾರ ಅಲ್ಲ" ಎಂದೆ.

"ಗಂಜಿ ಆಗ್ಲಿ, ಮತ್ತೆ ಹೇಳ್ತೇನೆ" ಎಂದಳು ಒಳಗಿನಿಂದ.